ಉರು ಹೊಡೆದ ಪ್ರಶ್ನೆ

ಜುಲೈ ೧೮, ಶುಕ್ರವಾರ. ರೋಣ.

ಮಗಳ ಶಾಲೆಯ ಆ ಗೋಡೆ ತಲೆಯಿಂದ ಹೋಗುತ್ತಿಲ್ಲ. ಗಜೇಂದ್ರಗಡ ರಸ್ತೆಯ ಈ ಶಾಲೆ ಈ ವರ್ಷ ತನ್ನ ಹೆಸರಿಗೆ ‘ಇಂಟರ್‌ನ್ಯಾಷನಲ್’ ಸೇರಿಸಿಕೊಂಡಿದೆ. ಇನ್ನು ಮಕ್ಕಳು ತಾವೇ ಪ್ರಶ್ನೆ ಕೇಳಿ, ಉತ್ತರ ಹುಡುಕಿ ಕಲಿಯುತ್ತಾರಂತೆ. ಇಂದಿನ ಪಾಲಕರ ಸಭೆಗೆಂದು ಮಕ್ಕಳ ಪ್ರಶ್ನೆಗಳನ್ನು ಬಣ್ಣದ ಚೀಟಿಗಳಲ್ಲಿ ಗೋಡೆಯ ತುಂಬ ಅಂಟಿಸಿದ್ದರು. ಮೂರನೇ ಇಯತ್ತೆಯ ಮಕ್ಕಳು. ಒಂದು ಚೀಟಿಯಲ್ಲೂ ಕಾಟು ಹೊಡೆದು ತಿದ್ದಿದ ಗುರುತು ಇರಲಿಲ್ಲ. ನನ್ನ ಅನುಮಾನ ಅಲ್ಲಿಂದಲೇ ಶುರು.

ಮನೆಗೆ ಬರುವಾಗ ಇದನ್ನು ಹೇಳಿದ್ದಕ್ಕೆ ಹೆಂಡತಿ ನಿರ್ಮಲಾ ರೇಗಿದಳು. “ಚಲೋ ಬರದ್ರೂ ಸಂಶಯ, ಕೆಟ್ಟ ಬರದ್ರೂ ಸಂಶಯ. ನಿಮ್ಮನ್ನ ಆ ಗ್ವಾಡಿಗೆ ಅಂಟಿಸಬೇಕಿತ್ತ ನೋಡ್ರಿ.”

ಸಂಜೆ ಶಾಂಭವಿ ಪಡಸಾಲೆಯ ಕಂಬ ಹಿಡಿದು ತೂಗುತ್ತ, ಮಗ್ಗಿಯ ಧಾಟಿಯಲ್ಲಿ ತನ್ನ ಚೀಟಿಯ ಪ್ರಶ್ನೆಯನ್ನು ಉರು ಹೊಡೆಯುತ್ತಿದ್ದಳು: ಹೊಳೆಗೆ ನೀರು ಎಲ್ಲಿಂದ ಬರುತ್ತದೆ? ನನಗೆ ಖುಷಿಯಾಗಿ ಮಲಪ್ರಭೆಯ ಕಥೆ ಶುರು ಮಾಡಿದೆ. ಅವಳು ಕಿವಿ ಮುಚ್ಚಿಕೊಂಡಳು.

“ಅಪ್ಪಾ, ನಡಕ ಮಾತಾಡಬ್ಯಾಡ, ಮರತ ಹೋಗ್ತೈತಿ. ಸೋಮವಾರ ಸಾಹೇಬ್ರು ನೋಡಾಕ ಬರ್ತಾರ. ಎಲ್ಲಾರೂ ತಮ್ಮ ತಮ್ಮ ಪ್ರಶ್ನಿ ಹೇಳಬೇಕು.”

“ಉತ್ತರ?”

“ಅದನ್ನ ಕೇಳಂಗಿಲ್ಲಂತ.”

“ನಿನಗ ಖರೇನ ಏನ್ ಕೇಳಬೇಕನಸ್ತೈತಿ?”

ಅವಳು ತೂಗುವುದನ್ನು ನಿಲ್ಲಿಸಿ ಯೋಚಿಸಿದಳು. “ಮಿಸ್ ಇನ್ನೂ ಕೊಟ್ಟಿಲ್ಲ.”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ಹೋದ ವರ್ಷ ಇವಳೇ, ಎಮ್ಮೆಗೆ ಕನಸು ಬೀಳುತ್ತದೆಯೇ ಎಂದು ವಾರಗಟ್ಟಲೆ ಪೀಡಿಸಿದವಳು.

ಭಾನುವಾರ ಹೊಳೆಆಲೂರಿಗೆ ಕರೆದೊಯ್ದು ಮಲಪ್ರಭೆಯ ದಂಡೆಯ ಮೇಲೆ ನಿಲ್ಲಿಸುತ್ತೇನೆ. ನಾನಾಗಿ ಏನನ್ನೂ ಹೇಳುವುದಿಲ್ಲ. ಅವಳು ಕೇಳಲಿ ಎಂದು ಕಾಯುತ್ತೇನೆ. ಕೇಳದಿದ್ದರೆ…