ನೆತ್ತರಗನ್ನಡಿ ಹಸಿರಾಗಿತ್ತು

ಗದಗ, ಕ್ರಿ.ಶ. ೨೨೯೧, ಎರಡನೇ ಆಷಾಢದ ಮೂವತ್ತಾರನೇ ದಿನ

ನಮ್ಮ ಮುತ್ತಜ್ಜಿಯರ ಮುತ್ತಜ್ಜಿಯರಿಗೆ ದಾಕ್ಷಾಯಣಿಯ ನಮಸ್ಕಾರ.

ನಮ್ಮ ತಿಂಗಳುಗಳು ಉದ್ದ, ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರ, ಅದನ್ನು ಮನ್ನಿಸಿ. ಸಿಟ್ಟನ್ನು ಮನ್ನಿಸಬೇಕಿಲ್ಲ. ಅದು ನಿಮ್ಮ ಮೇಲಿನದೇ.

ನಮ್ಮ ತೀವ್ರ ನಿಗಾ ವಾರ್ಡಿನಲ್ಲಿ ಪ್ರತಿ ಮಂಚದ ಮೇಲೂ ಒಂದು ನೆತ್ತರಗನ್ನಡಿ ತೂಗುತ್ತದೆ. ಎದೆಯಿಂದ ಹೊರಟ ರಕ್ತದ ಒತ್ತಡ, ವೇಗಗಳನ್ನು ಅದು ಬಣ್ಣದಲ್ಲಿ ತೋರಿಸುತ್ತದೆ, ಹಸಿರಿದ್ದರೆ ಕ್ಷೇಮ. ವೈದ್ಯರು ಗಾಜಿನಾಚೆ ಕುಳಿತು ಅದನ್ನೇ ನೋಡುತ್ತಾರೆ, ಅಲ್ಲೇ ಚಹಾ ಕುಡಿಯುತ್ತಾರೆ, ಅಲ್ಲಿಂದಲೇ ಔಷಧಿ ಹರಿಸುತ್ತಾರೆ. ರೋಗಿಯನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಸೋಂಕು ಅನ್ನುವುದು ಹಳೆಯ ನೆಪ. ಈಗ ಮುಟ್ಟುವುದೆಂದರೆ ಕನ್ನಡಿಯನ್ನು ಅನುಮಾನಿಸಿದಂತೆ. ಹೊಸ ವೈದ್ಯರಿಗೆ ನಾಡಿ ಹಿಡಿಯುವುದನ್ನೂ ಕಲಿಸುವುದಿಲ್ಲ. ಬಂಧುಗಳಿಗೆ ಮಂಚದಿಂದ ದೂರದಲ್ಲಿ ಒಂದು ಕುರ್ಚಿ ಹಾಕಿರುತ್ತಾರೆ.

ಆ ಕುರ್ಚಿಯಲ್ಲಿ ನಾನು ಕುಳಿತಿದ್ದೆ. ಮಂಚದಲ್ಲಿ ನನ್ನ ತಮ್ಮ ಮಹಾಲಿಂಗ. ಹೊಟ್ಟೆಯ ಸೋಂಕು ರಕ್ತಕ್ಕೇರಿತ್ತು. ಮಧ್ಯಾಹ್ನ ಅವನು, "ಅಕ್ಕಾ, ಕಾಲು ತಣ್ಣಗ ಆಗ್ಯಾವ ನೋಡ" ಎಂದ. ಎದ್ದು ಹೊದಿಕೆ ಸರಿಸಿದೆ. ಪಾದ ಕಲ್ಲಿನಂತೆ ತಣ್ಣಗಿತ್ತು, ಮೊಣಕಾಲಿನ ಸುತ್ತ ಚರ್ಮ ನೀಲಿಗಟ್ಟಿತ್ತು. ಜ್ವರ ಬಂದ ಮಕ್ಕಳಿಗೆ ನಮ್ಮಜ್ಜಿ ಮಾಡುತ್ತಿದ್ದಂತೆ ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟೆ. ಬಿಳಿಚಿದ್ದು ಕೆಂಪಾಗಲೇ ಇಲ್ಲ. ಕೂಗಿಕೊಂಡೆ. ಗಾಜಿನಾಚೆಯಿಂದ ವೈದ್ಯರು, "ಕನ್ನಡಿ ಹಸಿರು ಐತಲ್ರೀ, ಮೊದಲ ಕೈ ತಗೀರಿ" ಎಂದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಕೇಳಿದ ನಾಡು ಇದು! ನನ್ನನ್ನು ಹೊರಗೆ ಹಾಕಿದರು. ಸಂಜೆ ಕನ್ನಡಿ ಕೆಂಪಾದಾಗ ಎಲ್ಲರೂ ಓಡಿಬಂದರಂತೆ. ಅಷ್ಟರಲ್ಲಿ ಕಾಲ ಮಿಂಚಿತ್ತು.

ಕುತ್ತು ಬಂದಾಗ ಮೈ ತನ್ನ ಎದೆ, ಮಿದುಳುಗಳನ್ನು ಕಾಯಲು ಮೊದಲು ಕೈಕಾಲಿನ ರಕ್ತವನ್ನು ಕಿತ್ತುಕೊಳ್ಳುತ್ತದೆ, ಒತ್ತಡ ಬೀಳುವುದು ಎಷ್ಟೋ ಹೊತ್ತಿನ ಮೇಲೆ. ಇದನ್ನು ನಾನು ಆಮೇಲೆ ಓದಿದ್ದು ನಿಮ್ಮ ಕಾಲದ ಪುಸ್ತಕಗಳಲ್ಲೇ. ನಿಮಗೆ ಗೊತ್ತಿತ್ತು! ಗೊತ್ತಿದ್ದೂ ಮಂಚದ ಬಳಿ ನಿಂತು ರೋಗಿಗೆ ಬೆನ್ನು ಹಾಕಿ ಪರದೆಗೆ ಮುಖ ಮಾಡುವ ಚಾಳಿ ಶುರುಮಾಡಿದವರು ನೀವು. ಯಂತ್ರ ತಂದದ್ದಕ್ಕೆ ನನ್ನ ತಕರಾರಿಲ್ಲ, ಅದು ಎಷ್ಟೋ ಜೀವ ಉಳಿಸಿದೆ. ಕೈಯನ್ನು ಯಾಕೆ ಬಿಟ್ಟಿರಿ?

ಮರುದಿನ ಹೆಣ ಒಪ್ಪಿಸಿದಾಗ ಅವನ ಪಾದ ಮುಟ್ಟಲು ನನಗೆ ಯಾರ ಅಡ್ಡಿಯೂ ಇರಲಿಲ್ಲ. ಬಿಸಿನೀರು ಹಾಕಿ ಚೆನ್ನಾಗಿ ತೊಳೆಯಿರಿ ಎಂದು ಆ ವೈದ್ಯರೇ ಹೇಳಿದರು.

ನಿಮ್ಮವರು ಇನ್ನೂ ಬದುಕಿದ್ದಾರೆ. ಹೋಗಿ, ಹೊದಿಕೆ ಸರಿಸಿ, ಕಾಲು ಮುಟ್ಟಿ ನೋಡಿ.