ಜನ ನಕ್ಕಲ್ಲೆಲ್ಲ ಒಂದು ಕೂಂಯ್

ಬಣ್ಣ ತೊಳೆದು ಹೋದ ಶೀನ ಮಾವನಿಗೆ,

ನೀವು ಹೋಗಿ ಎರಡು ವರ್ಷವಾದ ಮೇಲೆ ನಿಮ್ಮ ಮಾತಿನ ಮೇಲೊಂದು ದೂರು ದಾಖಲಾಯಿತು. ಗಾಬರಿ ಬೇಡ, ನೋಟೀಸು ಅಲ್ಲಿಯವರೆಗೆ ಬರುವುದಿಲ್ಲ. ಜೀವಮಾನವಿಡೀ ಯಕ್ಷಗಾನದ ಹಾಸ್ಯಗಾರರಾಗಿ ಕುಣಿದಿರಿ, ಯಾರೂ ಅಸಭ್ಯ ಎನ್ನಲಿಲ್ಲ. ಸತ್ತ ಮೇಲೆ ಕೇಬಲ್ ಟಿವಿಗೆ ಬಂದಿರಿ ನೋಡಿ, ಸಮಾಜ ಕೆಟ್ಟೇ ಹೋಯಿತು!

ಬಿಜೂರಿನ ಗದ್ದೆಯಲ್ಲಿ ನೀವು ದೂತನಾಗಿದ್ದ ಆ ಆಟ ನೆನಪಿದೆಯೇ? ನಿಮ್ಮದೆಂದು ಚಿತ್ರೀಕರಣವಾಗಿ ಉಳಿದದ್ದು ಅದೊಂದೇ. ಅರಸ ಯುದ್ಧಕ್ಕೆ ಹೊರಡು ಎಂದ. ನೀವು ಎದುರಿಗೇ ಚಾಪೆ ಹಾಸಿ ಕೂತಿದ್ದ ಪದ್ದು ಅತ್ತೆಯ ಕಡೆ ತಿರುಗಿ, "ಪದ್ದೂ, ಇತ್ಲಾಗ್ ಬಾ! ಯುದ್ಧಕ್ಕ್ ಹೋಪ್ಕಿಂತ ಮುಂಚೆ ನಿನ್ ಮುಖ ಒಂದ್ಸಲ ಕಂಡ್ಕಂತೆ" ಎಂದಿರಿ. ಗದ್ದೆಗೆ ಗದ್ದೆಯೇ ನಕ್ಕಿತು. ನಮ್ಮೂರ ಕೇಬಲ್‌ನ ಸುಧಾಕರ ಅದನ್ನು ಭಾನುವಾರ ಸಂಜೆ ಹಾಕುತ್ತಿದ್ದ. ಆ ಹೊತ್ತಿಗೆ ಅತ್ತೆ ಯಾರ ಮನೆಗೂ ಹೋಗುತ್ತಿರಲಿಲ್ಲ, ಯಾರಾದರೂ ಬಂದರೆ ಚಹಾವೂ ಸಿಗುತ್ತಿರಲಿಲ್ಲ.

ದೂರಿನ ಪ್ರತಿ ಕೈಗೆ ಬಂದ ದಿನ ನಾನು ಮೂರು ಸಲ ಓದಿದೆ. ಕೇಬಲ್ ಟಿವಿ ಕಾಯ್ದೆ, ಕಾರ್ಯಕ್ರಮ ಸಂಹಿತೆ, ಸದಭಿರುಚಿ, ಎಲ್ಲ ಇತ್ತು. ಯಾವ ಮಾತು ಅಸಭ್ಯ ಎಂಬುದೊಂದು ಬಿಟ್ಟು. ಕೇಳಿದರೆ, ಅದನ್ನು ಬರೆಯುವುದೇ ಅಸಭ್ಯವಂತೆ! ಲೈಸೆನ್ಸ್ ಹೋದೀತೆಂದು ನಡುಗಿದ ಸುಧಾಕರ ಮಾಡಿದ ಕೆಲಸವನ್ನು ಅವನ ಬಾಯಲ್ಲೇ ಕೇಳಿ: "ಯಾವ್ದ್ ಅಶ್ಲೀಲ, ಯಾವ್ದ್ ಅಲ್ಲ ಅಂತ ನಂಗೆಂತ ಗೊತ್ತ್ ಮರಾಯ್ರೆ? ಜನ ಜೋರ್ ನೆಗಾಡ್ದಲ್ಲೆಲ್ಲ ಒಂದೊಂದ್ ಕೂಂಯ್ ಹಾಕ್ದೆ."

ಮಾತು ಮುಚ್ಚುವ ಆ ಬೀಪ್ ಸದ್ದಿನೊಂದಿಗೆ ಮುಂದಿನ ಭಾನುವಾರ ನೀವು ಟಿವಿಯಲ್ಲಿ ಹೇಳಿದ್ದು ಹೀಗೆ: "ಕೂಂಯ್, ಇತ್ಲಾಗ್ ಬಾ! ಯುದ್ಧಕ್ಕ್ ಹೋಪ್ಕಿಂತ ಮುಂಚೆ ನಿನ್ ಕೂಂಯ್ ಒಂದ್ಸಲ ಕಂಡ್ಕಂತೆ!" ಮಾವ, ನಿಮ್ಮಷ್ಟು ಪೋಲಿ ಮನುಷ್ಯ ಕುಂದಾಪುರದಿಂದ ಬೈಂದೂರಿನವರೆಗೆ ಇನ್ನೊಬ್ಬನಿಲ್ಲ ಎಂದು ಅವತ್ತೇ ನಿರ್ಧಾರವಾಯಿತು. ಮೊದಲಿದ್ದ ದೂರು ಒಂದು, ಕೂಂಯ್ ಬಂದ ಮೇಲೆ ಇನ್ನೂ ಮೂರು.

ವಿಚಾರಣೆಗೆ ಅತ್ತೆಯನ್ನೂ ಕರೆದುಕೊಂಡು ಹೋದೆ. ದೂರು ಕೇಳುವ ಜಿಲ್ಲಾ ಸಮಿತಿಯವರು ಮೊದಲು ಕೇಳಿದ್ದು ನಿಮ್ಮ ಸಂಭಾಷಣೆಯ ಲಿಖಿತ ಪ್ರತಿ! ಪದ್ಯ ಮಾತ್ರ ಬರೆದದ್ದು, ಮಾತು ಅಲ್ಲಲ್ಲೇ ಹುಟ್ಟಿದ್ದು ಎಂದು ವಿವರಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಬರೆಯದೆ ಅಷ್ಟು ಮಾತಾಡಿದ್ದು ಹೇಗೆ ಎಂಬ ಅನುಮಾನ ಅವರಿಗೆ. ನಿಮಗೆ ಆಟ ಶುರುವಾಗುವ ಮುಂಚಿನ ಗಣಪತಿ ಪೂಜೆಯ ಹೊತ್ತಿಗೂ ಮುಂದಿನ ಮಾತು ಗೊತ್ತಿರುತ್ತಿರಲಿಲ್ಲ ಎಂದು ಹೇಗೆ ಸಾಬೀತು ಮಾಡಲಿ? ಕೊನೆಗೆ ಅಧ್ಯಕ್ಷರು ತಗ್ಗಿದ ದನಿಯಲ್ಲಿ, "ಆ ಶಬ್ದದ ಅಡಿಯಲ್ಲಿ ಏನಿದೆ?" ಎಂದರು.

ಅತ್ತೆ ಎದ್ದರು. "ಮೊದ್ಲಿನ್ ಕೂಂಯ್ ನನ್ ಹೆಸ್ರ್. ಎರಡ್ನೇದ್ ನನ್ ಮುಖ. ಯಾವ್ದ್ ಅಸಭ್ಯ ಹೇಳಿ, ಕಾಂಬ!"

ಅಧ್ಯಕ್ಷರು ಕಡತದ ಹಾಳೆ ತಿರುವಿದರು. ಅತ್ತೆ ಮಾತ್ರ ಕೂರಲಿಲ್ಲ. "ಮನಿಯಗೆ ಇವ್ರ್ ನನ್ನ 'ಹ್ವಾಯ್' ಅಂಬುದ್ ಬಿಟ್ರೆ ಬೇರೆ ಕರ್ದವ್ರಲ್ಲ. ಹೆಸ್ರ್ ಹಿಡ್ದ್ ಕರ್ದದ್ ಆಟದಲ್ ಮಾತ್ರ. ಉಳ್ದದ್ ಅದೊಂದೇ. ಅದ್ನೂ ತೆಗ್ದ್ರ್ಯಾ?"

ಇಷ್ಟು ವರ್ಷ ನಿಮ್ಮ ಮನೆಯಲ್ಲಿ ಉಂಡು ಬೆಳೆದ ನನಗೂ ಅದು ಹೊಳೆದಿರಲಿಲ್ಲವಲ್ಲ ಮಾವ... ನಿಮ್ಮ ತಮಾಷೆಗೆ ನಕ್ಕವರಲ್ಲಿ ನಾನೂ ಒಬ್ಬ.

ದೂರುಗಳು ವಜಾ ಆದವು. ಮುಗಿಯಿತು ಎಂದುಕೊಂಡಿರಾ? ಆದೇಶದ ಮೊಹರು ಬಿದ್ದ ಪ್ರತಿ ಬಾರದೆ ಕೂಂಯ್ ತೆಗೆಯುವುದಿಲ್ಲ ಎಂದು ಸುಧಾಕರನ ಹಟ. ಆ ಒಂದು ಕಾಗದಕ್ಕೆ ನಾಲ್ಕು ಸಲ ಬಸ್ಸು ಹತ್ತಿದೆ. ಒಮ್ಮೆ ಸಹಿ ಇತ್ತು, ಮೊಹರಿರಲಿಲ್ಲ. ಇನ್ನೊಮ್ಮೆ ಮೊಹರಿತ್ತು, ಸಹಿ ಮಾಡುವವರು ರಜೆ. ನೀವು ಇದ್ದಿದ್ದರೆ ಇದರಲ್ಲೇ ಒಂದು ರಾತ್ರಿಯ ಆಟ ಮುಗಿಸುತ್ತಿದ್ದಿರಿ.

ನಿನ್ನೆ ಭಾನುವಾರ. ಅತ್ತೆ ಒಳಗೆ ಕಲ್ಲಿನಲ್ಲಿ ಬಂಗುಡೆ ಮೀನಿನ ಮಸಾಲೆ ಕಡೆಯುತ್ತಿದ್ದರು. ಟಿವಿಯಲ್ಲಿ ನೀವು "ಪದ್ದೂ, ಇತ್ಲಾಗ್ ಬಾ!" ಎಂದಿರಿ. ಪೂರ್ತಿ, ಸ್ಪಷ್ಟ, ಸರ್ಕಾರದ ಒಪ್ಪಿಗೆ ಸಮೇತ. ಒಳಗಿನಿಂದ ಉತ್ತರ ಬಂತು:

"ಬಂದೆ ಮರಾಯ್ರೆ, ಕೈ ತೊಳ್ಕಂತೆ!"

ಅತ್ತೆ ಬರುವುದು ಟಿವಿಯ ತನಕ ಮಾತ್ರ, ಮಾವ. ನಿಮ್ಮಲ್ಲಿಗೆ ಕರೆಸಿಕೊಳ್ಳುವ ಅವಸರ ಮಾಡಬೇಡಿ. ಭಾನುವಾರ ಭಾನುವಾರ ಅಲ್ಲಿಂದಲೇ ಕರೆಯುತ್ತಿರಿ. ಮತ್ತೆ ಯಾರಾದರೂ ದೂರು ಕೊಟ್ಟರೆ ಬಸ್ಸು ಹತ್ತಲು ನಾನಿದ್ದೇನೆ.

ನಿಮ್ಮ ಸೋದರಳಿಯ