ತೊಳೆದ ಕರಕಿ ಬೇರು

೧೨ ಸೆಪ್ಟೆಂಬರ್ ೧೯೮೩
ಗಾಜಿನ ಪ್ಲೇಟ್ ತೊಳೆದು ತೊಳೆದು ಬೆರಳು ಸುಕ್ಕಾಗಿವೆ. ಚೌತಿಗೆ ಊರಿಗೆ ಹೋದ ಸಂಗಯ್ಯ ಸರ್ ಇನ್ನೂ ಬಂದಿಲ್ಲ. ಇಡೀ ಮಣ್ಣಿನ ಲ್ಯಾಬಿಗೆ ನಾನೊಬ್ಬಳೇ.

ಮಧ್ಯಾಹ್ನ ಹುನಗುಂದ ಬಸ್ಸಿನಿಂದ ಖಾಸಿಂಸಾಬ ಬಂದ. ಇಳಕಲ್ ಹತ್ತಿರದ ಗಣಿ ಕಂಪನಿ ಸಾಹೇಬರ ಗಾಲ್ಫ್ ಮೈದಾನದ ಮಾಲಿ. ಒದ್ದೆ ಅರಿವೆಯಲ್ಲಿ ಕರಕಿ ಹುಲ್ಲು, ಬೇರುಸಮೇತ. ಅಲ್ಲಿ ಹುಲ್ಲು ಹಳದಿ ಬೀಳುತ್ತಿದೆಯಂತೆ. ಇವನು ಔಷಧದ ಪುಡಿ ಮನಸ್ಸಿಗೆ ಬಂದಷ್ಟು ಸುರಿದು ಮಣ್ಣು ಕೊಂದ ಅಂತ ಮ್ಯಾನೇಜರ್‌ಗೆ ಸಂಶಯ. ಬೇರಿನ ಸುತ್ತ ಬ್ಯಾಕ್ಟೀರಿಯಾ ಇದ್ದರೆ ಮಾಲಿ ಪಾಸು. ಇಲ್ಲದಿದ್ದರೆ ಮನೆಗೆ.

"ಇರ್ತಾವ ಬಿಡ್ರಿ ಅಕ್ಕಾರ. ಹದಿನಾಕು ವರ್ಸ ಆ ಮಣ್ಣು ಮುಟ್ಟೇನಿ" ಅಂದ.

ಸರ್‌ಗೆ ಫೋನ್ ಮಾಡಿದೆ. ತಡ ಮಾಡಬೇಡ, ನೀನೇ ಪ್ಲೇಟಿಗೆ ಹಾಕಿಬಿಡು ಅಂದರು. ಮೊದಲ ಸಲ ನನ್ನ ಕೈಗೆ ಬಂದ ಕೆಲಸ! ಕರಕಿಯನ್ನು ನಲ್ಲಿಯ ಕೆಳಗೆ ಹಿಡಿದು ಬೇರು ಬೆಳ್ಳಗಾಗುವ ತನಕ ತೊಳೆದೆ. ಮೊನ್ನೆ ಗಣಪ್ಪನಿಗೆ ಇಪ್ಪತ್ತೊಂದು ಕರಕಿ ಏರಿಸುವಾಗಲೂ ಹೀಗೇ ತೊಳೆದದ್ದು. ಮಣ್ಣು ಹತ್ತಿದ ಕರಕಿ ಯಾರಾದರೂ ಇಡುತ್ತಾರೆಯೇ...

೧೫ ಸೆಪ್ಟೆಂಬರ್
ಒಂದು ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ ಒಂಬತ್ತು. ಇನ್ನೊಂದರಲ್ಲಿ ಏಳು. ನೂರಾರು ಇರಬೇಕಿತ್ತಂತೆ. ಸರ್ ನೋಡಿ, ಪಾಪ ಮಾಲಿ ಅಂದರು. ಬೇರು ಹೇಗೆ ತಯಾರು ಮಾಡಿದೆ ಅಂತ ಕೇಳಲಿಲ್ಲ. ರಿಪೋರ್ಟ್ ಟೈಪ್ ಮಾಡಿದೆ — ಮಣ್ಣು ನಿರ್ಜೀವ. ಅವರು ರುಜು ಹಾಕಿ ಸಿಕ್ಕಾ ಒತ್ತಿದರು. ಸಂಜೆ ಟಪಾಲಿಗೆ ಹೋಯಿತು.

೪ ಅಕ್ಟೋಬರ್, ಸಂಜೆ
ಇವತ್ತು ಬಾದಾಮಿಯ ಒಂದು ಬಂಗಲೆಯ ಲಾನ್ ಹುಲ್ಲು ಬಂದಿತ್ತು. ಸರ್ ನನ್ನೆದುರೇ ಬೇರು ಕೈಗೆ ತಗೊಂಡು ಮೆಲ್ಲಗೆ ಜಾಡಿಸಿದರು. ಅಷ್ಟೇ. ತೊಳೆಯುವುದಿಲ್ಲವೇ ಅಂತ ಕೇಳಿದೆ.

"ಹುಚ್ಚಿ ಅದೀ ಏನ್ ಇಂದ್ರವ್ವ? ಬೇರಿಗೆ ಹತ್ತಿದ ಮಣ್ಣಾಗ ಅವು ಇರೂದು. ಅದನ್ನ ತೊಳದ್ರ ಎಣಸೂದರ ಏನು?"

ಖಾಸಿಂಸಾಬನ ಕರಕಿ ನೆನಪಾಯಿತು. ಆಗಲೇ ಹೇಳಬೇಕಿತ್ತು. ನೌಕರಿ ಇನ್ನೂ ಕಾಯಂ ಆಗಿಲ್ಲ... ಥೂ ನನ್ನ.

೫ ಅಕ್ಟೋಬರ್
ಹೇಳಲಿಲ್ಲ.

೧೭ ನವೆಂಬರ್
ಖಾಸಿಂಸಾಬನನ್ನು ತೆಗೆದರಂತೆ. ಕಂಪನಿಯ ಡ್ರೈವರ್ ಹುಲ್ಲಪ್ಪ ಚಹಾ ಕುಡಿಯುತ್ತ ಹೇಳಿದ. ಹೊಸ ಮಾಲಿ ಬಂದರೂ ಹುಲ್ಲು ಹಳದಿಯೇ ಅಂತೆ. ನಾಳೆ ಸರ್‌ಗೆ ಹೇಳುತ್ತೇನೆ. ಖರೇನೇ ಹೇಳುತ್ತೇನೆ.

೨ ಫೆಬ್ರುವರಿ ೧೯೮೪
ನೌಕರಿ ಕಾಯಂ ಆಯಿತು. ಸರ್ ಪೇಢೆ ತರಿಸಿದರು. ನನ್ನದನ್ನು ಕಾಗದದಲ್ಲಿ ಸುತ್ತಿ ಇಟ್ಟೆ. ಕಳ್ಳಿ ನಾನು.

೧೧ ಮಾರ್ಚ್, ರವಿವಾರ
ಇಳಕಲ್‌ಗೆ ಹೋಗಿ ಬಂದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಹುಲ್ಲಪ್ಪ ಗುರುತು ಹೇಳಿದ್ದ. ಖಾಸಿಂಸಾಬ ಈಗ ಕಲ್ಲು ಕೊಯ್ಯುವ ಕಡೆ ಕೂಲಿ. ಅಂಗಳದಲ್ಲಿ ಕರಿಬೇವಿನ ಗಿಡ ಒಣಗಿ ನಿಂತಿತ್ತು. ಹೆಂಡತಿ ಮಾಸುಮಬಿ ನೀರು ಕೊಟ್ಟಳು. ಗಿಡಕ್ಕೇಕೆ ಹಾಕಿಲ್ಲ ಅಂತ ಕೇಳಿದೆ. ಆತ ಗಿಡ ಮುಟ್ಟುವುದನ್ನೇ ಬಿಟ್ಟಿದ್ದಾನಂತೆ, ಮನೆಯವರಿಗೂ ಬಿಡುವುದಿಲ್ಲವಂತೆ.

"ನನ್ನ ಕೈಯಾಗ ವಿಷ ಐತಿ, ದುರ್ಬೀನದಾಗ ಕಂಡೈತಿ ಅಂತಾರ್ರಿ" ಅಂದಳು ಮಾಸುಮಬಿ.

ಆತ ಹೊರಗೆ ಬಂದ. ಹೇಳಿದೆ. ಎಲ್ಲ. ತೊಳೆದದ್ದು, ಗೊತ್ತಾದದ್ದು, ಗೊತ್ತಾದ ಮೇಲೂ ಐದು ತಿಂಗಳು ಬಾಯಿ ಮುಚ್ಚಿಕೊಂಡದ್ದು. ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಆತ ಅಂಗೈ ತಿರುಗಿಸಿ ನೋಡಿಕೊಂಡ.

"ಇದನ್ನ ಬರದು ಕೊಡ್ರಿ. ಅದ ಕಾಗದದ ಮ್ಯಾಲ, ಅದ ಸಿಕ್ಕಾ ಹಾಕಿ."

ನೌಕರಿ ತಿರುಗಿ ಕೇಳಲಿಕ್ಕೇನು ಅಂತ ಕೇಳಿದೆ.

"ಅಲ್ರಿ. ನನಗ ಓದಾಕ ಬರೂದಿಲ್ಲ. ಮಗಳ ಕಡೆ ಓದಿಸಿ ಕೇಳ್ತೇನಿ."

೧೨ ಮಾರ್ಚ್, ಬೆಳಗ್ಗೆ ೯
ಲ್ಯಾಬಿಗೆ ಬೇಗ ಬಂದೆ. ಟೈಪ್‌ರೈಟರ್‌ಗೆ ಲೆಟರ್‌ಹೆಡ್ ಏರಿಸಿದ್ದೇನೆ. ಸಿಕ್ಕಾ ಸರ್ ಖಾನೆಯಲ್ಲಿ, ಕೀಲಿ ಅವರ ಕಿಸೆಯಲ್ಲಿ. ಕೇಳಬೇಕೆಂದರೆ ಹೇಳಲೇಬೇಕು. ಕಾಯಂ ಆದದ್ದೂ ಹೋದೀತು. ನಾಲ್ಕು ಹಾಳೆ ಕೆಡಿಸಿದೆ. ಪ್ರತಿ ಸಲ 'ತಪ್ಪಾಗಿರಬಹುದು' ಅಂತಲೇ ಬರುತ್ತದೆ. ಆಗಿರಬಹುದು ಅಲ್ಲ, ಆಗಿದೆ. ಮಾಡಿದವಳು ನಾನು.

ಮೆಟ್ಟಿಲ ಮೇಲೆ ಸರ್ ಚಪ್ಪಲಿ ಸಪ್ಪಳ. ಐದನೆಯ ಹಾಳೆಗೆ ಮೊದಲು ಇಲ್ಲೇ ಬರೆದು ನೋಡುತ್ತೇನೆ —

'ಬೇರು ತೊಳೆದವಳು ನಾನು. ಖಾಸಿಂಸಾಬರ ಕೈಯಲ್ಲಿ ವಿಷ ಕಂಡಿಲ್ಲ.'